ಅಷ್ಟೆಲ್ಲ ಕೆಲಸ ಮಾಡಿದ್ರೂ ಯಾಕೆ ಸೋತ್ರು?

ಇದು ಈ ವಾರದ ವಿಡಿಯೋದ ಬರಹ ರೂಪ. ಮಾತಾಡುವಾಗ ಎರಡು ಕಡೆ ಇಸವಿ ತಪ್ಪು ಹೇಳಿದ್ದೆ, ಇಲ್ಲಿ ಸರಿ ಮಾಡಿದ್ದೀನಿ. ಮಧ್ಯೆ ಬರುವ ಟ್ರೈನ್ ಸದ್ದು ಬರಹದಲ್ಲಿ ಇಲ್ಲ, ಅದೊಂದು ಲಾಭ. ಲಿಂಗಂಪಲ್ಲಿ ಸ್ಟೇಷನ್ ನಮ್ಮ ಮನೆಗೆ ಅಷ್ಟು ಹತ್ತಿರ.

ವಿಷಯ ಏನು ಅಂದ್ರೆ, ಒಬ್ಬ ನಾಯಕನ ಮೇಲೆ ಜನ ಯಾಕೆ ನಂಬಿಕೆ ಇಟ್ಕೋತಾರೆ, ಯಾಕೆ ಕಳ್ಕೋತಾರೆ. ಇದರ ಬಗ್ಗೆ ಮಾತಾಡೋಕೆ ನನಗೇನು ಅರ್ಹತೆ ಅಂತ ನೀವು ಕೇಳಬಹುದು. ನಾನು ರಾಜಕೀಯ ಶಾಸ್ತ್ರ ಓದಿದವನಲ್ಲ, ಎಂಟೆಕ್ ಮಾಡಿ ಸಾಫ್ಟ್‌ವೇರ್ ಬರೆಯೋನು. ಆದ್ರೆ ನಾನೂ ಒಂದು ಚುನಾವಣೆ ಸೋತಿದ್ದೀನಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ ಚುನಾವಣೆ. ನಗಬೇಡಿ, ಎರಡು ದಿನ ನಿದ್ದೆ ಬಂದಿರಲಿಲ್ಲ.

ಎರಡು ವರ್ಷ ಸೆಕ್ರೆಟರಿ ಆಗಿದ್ದೆ. ನೂರಾ ಹದಿನೈದು ಫ್ಲ್ಯಾಟು. ಬೇಸಿಗೆ ಬಂದ್ರೆ ಈ ಏರಿಯಾದಲ್ಲಿ ಟ್ಯಾಂಕರ್ ಬಿಲ್ಲು ಹೇಗಿರುತ್ತೆ ಅಂತ ಇಲ್ಲಿರೋರಿಗೆ ಗೊತ್ತು. ಟ್ಯಾಂಕರ್ ರೇಟು ಇಳಿಸಿದೆ, ಕ್ಯಾಮೆರಾ ಹಾಕಿಸಿದೆ, ಲಿಫ್ಟ್ ಬದಲಾಯಿಸಿದೆ, ಲೆಕ್ಕಪತ್ರ ಪೂರ್ತಿ ಎಲ್ಲರಿಗೂ ಕಾಣೋ ಹಾಗೆ ಇಟ್ಟೆ. ಇನ್ನೊಂದು ಕೆಲಸ ಮಾಡಿದೆ, ಅದರ ಬಗ್ಗೆ ಆಗ ನನಗೆ ಬಹಳ ಹೆಮ್ಮೆ ಇತ್ತು. ವಾಚ್‌ಮನ್ ಕ್ಯಾಬಿನ್‌ನಲ್ಲಿ ಒಂದು ಹಳೇ ದೂರಿನ ರಿಜಿಸ್ಟರ್ ಇತ್ತು, ಎಣ್ಣೆ ಕಲೆ ಆಗಿ ಹಾಳೆ ಕಿತ್ತು ಹೋಗಿತ್ತು. ಅದನ್ನ ತೆಗೆಸಿ, ನಾನೇ ಒಂದು ಆ್ಯಪ್ ಮಾಡಿ ಕೊಟ್ಟೆ. ದೂರು ಹಾಕಿದ್ರೆ ಟಿಕೆಟ್ ನಂಬರ್ ಬರುತ್ತೆ. ಪ್ಲಂಬರ್ ಬಂದು ನೋಡಿ ಬಟನ್ ಒತ್ತಿದ್ರೆ ಟಿಕೆಟ್ ಕ್ಲೋಸ್. ಯಾರೂ ಏನೂ ಮಾಡದಿದ್ರೆ 48 ಗಂಟೆ ಆದ್ಮೇಲೆ ತಾನೇ ಕ್ಲೋಸ್. ತಿಂಗಳ ಕೊನೆಗೆ ಡ್ಯಾಶ್‌ಬೋರ್ಡ್ ನೋಡಿದ್ರೆ ಎಲ್ಲಾ ಹಸಿರು.

ಜನರಲ್ ಬಾಡಿ ಮೀಟಿಂಗ್‌ನಲ್ಲಿ ಒಂದನೇ ಮಹಡಿಯ ಒಬ್ಬ ಆಂಟಿ ಎದ್ದು ನಿಂತರು. ಗುಂಟೂರು ಕಡೆಯವರು, ಎಪ್ಪತ್ತರ ಹತ್ತಿರ ವಯಸ್ಸು. ಅವರ ಬಾತ್‌ರೂಮ್ ಚಾವಣಿ ಸೋರ್ತಾ ಇತ್ತು. ನಾಲ್ಕು ಸಲ ದೂರು ಹಾಕಿದ್ರಂತೆ, ನಾಲ್ಕೂ ಕ್ಲೋಸ್. ತೆಲುಗಿನಲ್ಲಿ ಹೇಳಿದ್ರು, ಅರ್ಥ ಇಷ್ಟು: "ಬಾಬೂ, ನಾನು ಮಷೀನಿಗೆ ಹೇಳಿದೆ, ಮಷೀನು ಆಯ್ತು ಅಂತು. ನಿನಗೆ ಹೇಳೋದು ಎಲ್ಲಿ?"

ನಾನು ಲ್ಯಾಪ್‌ಟಾಪ್ ತೆರೆದು ಅಂಕಿ ಅಂಶ ತೋರಿಸೋಕೆ ಶುರು ಮಾಡಿದೆ. ಅಲ್ಲೇ ಮುಗೀತು ನನ್ನ ಕಥೆ. ನನಗೆ 31 ವೋಟು, ರೈಲ್ವೆಯಿಂದ ರಿಟೈರ್ ಆದ ಒಬ್ಬರಿಗೆ 58. ಅವರ ಭರವಸೆ ಒಂದೇ ಇತ್ತು: ದಿನಾ ಸಾಯಂಕಾಲ ಆರಕ್ಕೆ ಕ್ಯಾಬಿನ್ ಹತ್ರ ಕೂತಿರ್ತೀನಿ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನಾನು ಸೋತ ಮೇಲೆ ಕೆ. ಚಂದ್ರಶೇಖರ ರಾವ್ ಸೋಲು ನನಗೆ ಬೇರೆ ಥರ ಕಾಣೋಕೆ ಶುರುವಾಯ್ತು.

ಕೆಸಿಆರ್ ಸಣ್ಣ ನಾಯಕ ಅಲ್ಲ. 2001ರಲ್ಲಿ ಪಕ್ಷ ಕಟ್ಟಿ, 2009ರ ನವೆಂಬರ್‌ನಲ್ಲಿ ಉಪವಾಸ ಕೂತು, 2014ರ ಜೂನ್ 2ಕ್ಕೆ ಒಂದು ರಾಜ್ಯವನ್ನೇ ತಂದುಕೊಟ್ಟ ಮನುಷ್ಯ. ಭಾರತದಲ್ಲಿ ಹೀಗೆ ಹೇಳಿಕೊಳ್ಳೋಕೆ ಎಷ್ಟು ಜನಕ್ಕೆ ಸಾಧ್ಯ? 119 ಸೀಟಿನ ವಿಧಾನಸಭೆಯಲ್ಲಿ 2014ರಲ್ಲಿ 63, 2018ರಲ್ಲಿ 88. ಕೆಲಸ ಮಾಡಲಿಲ್ಲ ಅನ್ನೋಕೂ ಆಗಲ್ಲ. ರೈತರ ಪಂಪ್‌ಸೆಟ್‌ಗೆ 24 ಗಂಟೆ ಉಚಿತ ಕರೆಂಟು, ಮಿಷನ್ ಭಗೀರಥದ ನಲ್ಲಿ ನೀರು, 2018ರಿಂದ ರೈತಬಂಧು: ಎಕರೆಗೆ ಒಂದು ಬೆಳೆಗೆ ಮೊದಲು 4,000, ಆಮೇಲೆ 5,000 ರೂಪಾಯಿ ನೇರ ಬ್ಯಾಂಕ್ ಖಾತೆಗೆ. ಗಡಿ ಆಚೆ ಸೇಡಂ ತಾಲೂಕಿನಲ್ಲಿ ನಮ್ಮಪ್ಪ ಇದನ್ನ ನೋಡಿ ಹೊಟ್ಟೆ ಉರ್ಕೋತಿದ್ರು. "ನಮ್ಮ ಕಡಿ ಯಾರರ ಹಿಂಗ ಕೊಡ್ತಾರೇನಪಾ" ಅಂತ ಫೋನಿನಲ್ಲಿ ಕೇಳೋರು.

ಅಂಥವರು 2023ರ ಡಿಸೆಂಬರ್ 3ಕ್ಕೆ 39 ಸೀಟಿಗೆ ಬಂದ್ರು. ಕಾಂಗ್ರೆಸ್‌ಗೆ 64. ಕಾಮಾರೆಡ್ಡಿಯಲ್ಲಿ ಸ್ವತಃ ಕೆಸಿಆರ್ ಸೋತ್ರು, ಗಜ್ವೇಲ್ ಉಳಿಸಿಕೊಂಡ್ರು. ಆರು ತಿಂಗಳಾದ ಮೇಲೆ ಲೋಕಸಭೆಯಲ್ಲಿ ಅವರ ಪಕ್ಷಕ್ಕೆ 17ರಲ್ಲಿ ಒಂದೂ ಬರಲಿಲ್ಲ.

ನಮ್ಮ ಆಫೀಸಿನಲ್ಲಿ ಆಗ ಎಲ್ಲರದ್ದೂ ಒಂದೇ ಮಾತು, "ಜನಕ್ಕೆ ಎಷ್ಟು ಕೊಟ್ರೂ ಅಷ್ಟೇ, ಉಪಕಾರ ಸ್ಮರಣೆ ಇಲ್ಲ". ನಾನೂ ತಲೆ ಆಡಿಸಿದ್ದೆ. ಈಗ ನನಗೆ ಅನ್ನಿಸೋದು, ಕೊಟ್ಟಿದ್ದು ಎಷ್ಟು ಅನ್ನೋದರಿಂದ ನಂಬಿಕೆ ಅಳೆಯೋಕೆ ಆಗಲ್ಲ. ಕೊಟ್ಟಿದ್ದು ಕೈಕೊಟ್ಟಾಗ ಹೇಳಿಕೊಳ್ಳೋಕೆ ಒಂದು ಬಾಗಿಲು ಇದೆಯಾ, ಹೇಳಿದ್ದು ಆ ಕಡೆ ತಲುಪಿತು ಅಂತ ಹೇಳಿದವನಿಗೆ ಗೊತ್ತಾಗುತ್ತಾ, ಇಲ್ಲಿಂದ ಅಳೆಯಬೇಕು.

ಇದಕ್ಕೆ ನನಗೆ ಗೊತ್ತಿರೋ ಅತ್ಯುತ್ತಮ ಉದಾಹರಣೆ ಧರಣಿ ಪೋರ್ಟಲ್. ಸಾಫ್ಟ್‌ವೇರ್‌ನವನಾಗಿ ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ತೆಲಂಗಾಣದಲ್ಲಿ ಜಮೀನಿನ ದಾಖಲೆ ಅಂದ್ರೆ ಮೊದಲಿಂದಲೂ ದೊಡ್ಡ ಗೋಳು. ಊರ ಮಟ್ಟದ ಕಂದಾಯ ಅಧಿಕಾರಿ, ಇಲ್ಲಿ ವಿಆರ್‌ಒ ಅಂತಿದ್ರು, ನಮ್ಮ ಕಡೆ ಗ್ರಾಮಲೆಕ್ಕಿಗ ಇದ್ದ ಹಾಗೆ. ಅವರ ಮೇಲೆ ಲಂಚದ ದೂರು ವಿಪರೀತ ಇತ್ತು. 2019ರ ನವೆಂಬರ್‌ನಲ್ಲಿ ಹೈದರಾಬಾದ್ ಹತ್ತಿರದ ಅಬ್ದುಲ್ಲಾಪುರಮೆಟ್‌ನಲ್ಲಿ ಪಾಸ್‌ಬುಕ್ ಜಗಳದಲ್ಲಿ ಒಬ್ಬ ತಹಶೀಲ್ದಾರರನ್ನ ಅವರ ಕಚೇರಿಯಲ್ಲೇ ಬೆಂಕಿ ಹಚ್ಚಿ ಕೊಂದರು. ಪರಿಸ್ಥಿತಿ ಅಷ್ಟು ಕೆಟ್ಟಿತ್ತು. ಕೆಸಿಆರ್ ಏನು ಮಾಡಿದ್ರು? 2020ರ ಸೆಪ್ಟೆಂಬರ್‌ನಲ್ಲಿ ವಿಆರ್‌ಒ ಹುದ್ದೆಯನ್ನೇ ರದ್ದು ಮಾಡಿದ್ರು. ಅಕ್ಟೋಬರ್ 29ಕ್ಕೆ ಧರಣಿ ಶುರು. ಸ್ಲಾಟ್ ಬುಕ್ ಮಾಡಿ, ಫೀಸ್ ಕಟ್ಟಿ, ತಹಶೀಲ್ದಾರ್ ಕಚೇರಿಗೆ ಹೋದ್ರೆ ರಿಜಿಸ್ಟ್ರೇಷನ್ ಮತ್ತು ಖಾತೆ ಬದಲಾವಣೆ ಎರಡೂ ಅವತ್ತೇ ಮುಗೀತು. ಇದು ನಿಜಕ್ಕೂ ಒಳ್ಳೇ ಕೆಲಸ. ಯಾರ ದಾಖಲೆ ಸರಿ ಇತ್ತೋ ಅವರಿಗೆ ಇದಕ್ಕಿಂತ ಸಲೀಸು ಇನ್ನೊಂದಿಲ್ಲ.

ದಾಖಲೆ ಸರಿ ಇಲ್ಲದವರ ಗತಿ? ನಾಲ್ಕು ಎಕರೆ ಇದ್ದದ್ದು ಮೂರು ಅಂತ ಬಿದ್ದಿದ್ರೆ? ಪಟ್ಟಾ ಜಮೀನು ನಿಷೇಧಿತ ಪಟ್ಟಿಗೆ ಸೇರಿದ್ರೆ? ಹೆಸರು ತಪ್ಪಾಗಿದ್ರೆ? ಶುರುವಿನಲ್ಲಿ ಇಂಥ ತಿದ್ದುಪಡಿಗೆ ಆಪ್ಷನ್ನೇ ಇರಲಿಲ್ಲ. ಆಮೇಲೆ ಒಂದೊಂದಾಗಿ ಸೇರಿಸ್ತಾ ಹೋದ್ರು, ಮೂವತ್ತಕ್ಕೂ ಹೆಚ್ಚು ಮಾಡ್ಯೂಲ್ ಆಯ್ತು. ಯಾವ ತಪ್ಪಿಗೆ ಯಾವ ಮಾಡ್ಯೂಲ್ ಅಂತ ರೈತನೇ ಹುಡುಕಬೇಕು. ತಿದ್ದೋ ಅಧಿಕಾರ ಬಹುಪಾಲು ಜಿಲ್ಲಾ ಕಲೆಕ್ಟರ್ ಕೈಗೆ. ಮೀಸೇವಾ ಕೇಂದ್ರಕ್ಕೆ ಹೋಗು, ದುಡ್ಡು ಕಟ್ಟು, ಅರ್ಜಿ ಹಾಕು, ಕಾಯಿ. ಸರಿಯಾದ ಕಾರಣ ಹೇಳದೆ ಅರ್ಜಿ ತಿರಸ್ಕಾರ ಆಗುತ್ತೆ ಅನ್ನೋದು ರೈತರ ಸಾಮಾನ್ಯ ದೂರಾಗಿತ್ತು. ನನ್ನ ಆ್ಯಪ್‌ನಲ್ಲಿ ಟಿಕೆಟ್ ತಾನೇ ಕ್ಲೋಸ್ ಆಗ್ತಿತ್ತಲ್ಲ, ಹೆಚ್ಚು ಕಡಿಮೆ ಹಾಗೇ.

ಮೊದಲು ಊರಲ್ಲೇ ಒಬ್ಬ ಮನುಷ್ಯ ಇದ್ದ. ಲಂಚ ತಿನ್ನೋನೇ ಇರಬಹುದು, ಆದ್ರೂ ಅವನ ಮನೆ ಬಾಗಿಲಲ್ಲಿ ನಿಂತು ಬೈಯಬಹುದಿತ್ತು. ಧರಣಿ ಬಂದ ಮೇಲೆ ಬೈಯೋಕೂ ಯಾರೂ ಇರಲಿಲ್ಲ. ಇಲ್ಲಿ ಇನ್ನೊಂದು ಎಡವಟ್ಟು ಸೇರ್ಕೊಂತು: ರೈತಬಂಧು ದುಡ್ಡು, ರೈತಬೀಮಾ, ಎಲ್ಲವನ್ನೂ ಇದೇ ದಾಖಲೆ ನೋಡಿ ಕೊಡ್ತಿದ್ರು. ಅಂದ್ರೆ ಒಂದು ಕಡೆ ತಪ್ಪಾದ್ರೆ ಉಳಿದ ಒಳ್ಳೇ ಯೋಜನೆಗಳೂ ಆ ಮನೆಗೆ ಬಂದ್! ಪಕ್ಕದ ಹೊಲದವನಿಗೆ ದುಡ್ಡು ಬರೋದು ಕಣ್ಣಿಗೆ ಕಾಣುತ್ತೆ, ತನಗಿಲ್ಲ. ಕೊಡದೇ ಇದ್ದಿದ್ರೆ ಇಷ್ಟು ಸಿಟ್ಟು ಬರ್ತಿರಲಿಲ್ಲ. ಇನ್ನು ಗೇಣಿಗೆ ಉಳುವವರ ಕಥೆ ಬೇರೆ. ಹೊಸ ದಾಖಲೆಯಲ್ಲಿ ಅನುಭವದಾರರ ಕಾಲಮ್ಮನ್ನೇ ತೆಗೆದುಹಾಕಿದ್ರು, ಹಾಗಾಗಿ ನೆಲ ಉಳೋನಿಗೆ ಆ ವ್ಯವಸ್ಥೆಯಲ್ಲಿ ಹೆಸರೇ ಇರಲಿಲ್ಲ.

ಯಾವ ಸಾಫ್ಟ್‌ವೇರ್‌ಗೂ ಮೊದಲ ವರ್ಷ ತಪ್ಪು ಇರುತ್ತೆ. ಅದಕ್ಕೆ ಯಾರೂ ಸರ್ಕಾರ ಬೀಳಿಸಲ್ಲ. ತಪ್ಪು ಇದೆ ಅಂತ ಹೇಳಿದವರಿಗೆ ಏನು ಉತ್ತರ ಬಂತು ಅನ್ನೋದು ಮುಖ್ಯ. ಕಾಂಗ್ರೆಸ್‌ನವರು ಧರಣಿಯನ್ನ ಬಂಗಾಳಕೊಲ್ಲಿಗೆ ಎಸೀತೀವಿ ಅಂದ್ರು. ಕೆಸಿಆರ್, ಹಾಗೆ ಹೇಳೋರನ್ನೇ ಬಂಗಾಳಕೊಲ್ಲಿಗೆ ಎಸೀಬೇಕು ಅಂದ್ರು. ಸಭೆಯಲ್ಲಿ ಚಪ್ಪಾಳೆ ಬಿದ್ದಿರುತ್ತೆ. ಆದ್ರೆ ಅರ್ಜಿ ಹಿಡ್ಕೊಂಡು ವರ್ಷಗಟ್ಟಲೆ ಓಡಾಡಿದವನು ಅದನ್ನ ಟಿವಿಯಲ್ಲಿ ಕೇಳಿದಾಗ ಏನಂದ್ಕೊಂಡಿರ್ತಾನೆ? ನನ್ನ ಲ್ಯಾಪ್‌ಟಾಪ್ ಅಂಕಿ ಅಂಶ ನೋಡಿ ಆಂಟಿ ಏನಂದ್ಕೊಂಡ್ರೋ ಅದನ್ನೇ.

ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ನೌಕರಿ ಪರೀಕ್ಷೆಯ ಪೇಪರ್ ಲೀಕ್ ಆಗಿ 2023ರ ಮಾರ್ಚ್‌ನಲ್ಲಿ ಗ್ರೂಪ್-1 ಪ್ರಿಲಿಮ್ಸ್ ರದ್ದಾಯ್ತು. ರಾಜ್ಯ ಬೇಕು ಅಂತ ಹೋರಾಡಿದ ಹುಡುಗರಿಗೇ ಆದ ಹೊಡೆತ ಅದು. ಮತದಾನಕ್ಕೆ ತಿಂಗಳು ಇದ್ದಾಗ ಮೇಡಿಗಡ್ಡ ಬ್ಯಾರೇಜಿನ ಕಂಬ ಕುಸೀತು. ಹೆಸರಿನಲ್ಲಿದ್ದ 'ತೆಲಂಗಾಣ' ತೆಗೆದು ಟಿಆರ್‌ಎಸ್ ಬಿಆರ್‌ಎಸ್ ಆಗಿತ್ತು. ಇನ್ನು ಮುಖ್ಯಮಂತ್ರಿ ಸಿಗೋದೇ ಇಲ್ಲ ಅನ್ನೋ ಮಾತು. ಅವರು ಹಳೇ ಸಚಿವಾಲಯಕ್ಕೆ ಹೋಗಿದ್ದೇ ಅಪರೂಪ, ಪ್ರಗತಿ ಭವನ ಮತ್ತು ಫಾರ್ಮ್‌ಹೌಸ್‌ನಿಂದಲೇ ಆಡಳಿತ. ಪ್ರಗತಿ ಭವನದ ಮುಂದೆ ರಸ್ತೆ ಮೇಲೇ ದೊಡ್ಡ ಕಬ್ಬಿಣದ ಬೇಲಿ. 2019ರಲ್ಲಿ ಆರ್‌ಟಿಸಿಯ ಸುಮಾರು 48,000 ನೌಕರರು ಮುಷ್ಕರ ಕೂತಾಗ, ತಾವಾಗಿಯೇ ಕೆಲಸ ಬಿಟ್ಟ ಹಾಗೆ ಅಂತ ಘೋಷಿಸಿದ್ರು. 52 ದಿನ ಆದ ಮೇಲೆ ವಾಪಸ್ ತಗೊಂಡ್ರು, ಊಟಕ್ಕೂ ಕರೆದ್ರು, ರಿಟೈರ್‌ಮೆಂಟ್ ವಯಸ್ಸೂ ಏರಿಸಿದ್ರು. ಕೊಡುವಾಗ ಧಾರಾಳ. ಕೇಳುವಾಗ ಮಾತ್ರ ಗೇಟು ಹಾಕಿರೋದು.

ಹುಜೂರಾಬಾದ್ ಉಪಚುನಾವಣೆಯನ್ನ ಯಾರಾದ್ರೂ ಸರಿಯಾಗಿ ಓದಿದ್ರೆ ಇದು ಎರಡು ವರ್ಷ ಮುಂಚೆಯೇ ಗೊತ್ತಾಗ್ತಿತ್ತು. 2021ರಲ್ಲಿ ಆ ಒಂದು ಕ್ಷೇತ್ರದಲ್ಲಿ ದಲಿತಬಂಧು ಶುರು ಮಾಡಿದ್ರು, ಕುಟುಂಬಕ್ಕೆ 10 ಲಕ್ಷ ರೂಪಾಯಿ. ಇಷ್ಟು ದೊಡ್ಡ ಮೊತ್ತ ನೇರವಾಗಿ ಕೊಟ್ಟ ಯೋಜನೆ ನಾನು ಬೇರೆ ನೋಡಿಲ್ಲ. ಆದ್ರೂ ಗೆದ್ದದ್ದು, ಕೆಸಿಆರ್ ಸಂಪುಟದಿಂದ ಹೊರಗೆ ಹಾಕಿದ್ದ ಈಟಲ ರಾಜೇಂದರ್, ಸುಮಾರು 24,000 ವೋಟಿನಿಂದ.

ಈಗ ನಮ್ಮ ಲಿಂಗಂಪಲ್ಲಿಗೆ ಬರೋಣ. ಇಲ್ಲೊಂದು ಒಗಟು ಇದೆ. ಹಳ್ಳಿ ಕಡೆ ಕೆಸಿಆರ್ ಪಕ್ಷ ಕೊಚ್ಚಿ ಹೋಗುವಾಗ ನಮ್ಮ ಶೇರಿಲಿಂಗಂಪಲ್ಲಿ ಕ್ಷೇತ್ರದಲ್ಲಿ ಅದೇ ಪಕ್ಷ ಗೆದ್ದಿತು. ಅರೆಕಪೂಡಿ ಗಾಂಧಿ 2014ರಲ್ಲಿ ತೆಲುಗುದೇಶಂ, 2018ರಲ್ಲಿ ಟಿಆರ್‌ಎಸ್, 2023ರಲ್ಲಿ ಬಿಆರ್‌ಎಸ್‌ನಿಂದ ಗೆದ್ದವರು. 2024ರಲ್ಲಿ ಕಾಂಗ್ರೆಸ್ ಕಡೆ ಹೋದ್ರು, ಅದು ಬಿಡಿ. ಹೈದರಾಬಾದ್ ಜಿಲ್ಲೆಯ 15 ಸೀಟುಗಳಲ್ಲಿ ಕಾಂಗ್ರೆಸ್‌ಗೆ ಒಂದೂ ಸಿಗಲಿಲ್ಲ. ಅಂದ್ರೆ ನಗರದವರ ನಂಬಿಕೆ ಉಳಿದಿತ್ತಾ?

ನನಗೆ ಅನುಮಾನ. ಹೈದರಾಬಾದ್ ಜಿಲ್ಲೆಯಲ್ಲಿ ಅರ್ಧಕ್ಕರ್ಧ ಜನ ಬೂತಿಗೇ ಹೋಗಿಲ್ಲ. ಆಲ್ಬರ್ಟ್ ಹಿರ್ಷ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಅವನಿಗೆ ಕಾಡಿದ್ದು ನೈಜೀರಿಯಾದ ರೈಲ್ವೆ. ಪೈಪೋಟಿಗೆ ಲಾರಿಗಳು ಬಂದ್ರೂ ರೈಲ್ವೆ ಸುಧಾರಿಸಲೇ ಇಲ್ಲ, ಯಾಕೆ? ಕಂಪ್ಲೇಂಟ್ ಮಾಡಬೇಕಿದ್ದ ಗಟ್ಟಿ ಗಿರಾಕಿಗಳೆಲ್ಲ ಸುಮ್ಮನೆ ಲಾರಿಗೆ ಹೋಗಿಬಿಟ್ರು. ಬೇಜಾರಾದವನ ಮುಂದೆ ಎರಡು ದಾರಿ: ಬಾಯಿ ಬಿಡೋದು, ಇಲ್ಲ ಜಾಗ ಖಾಲಿ ಮಾಡೋದು. ನಮ್ಮಂಥವರು ಎರಡನೇ ದಾರಿ ಹಿಡಿದವರು. ನಲ್ಲಿ ನೀರು ಬರಲಿಲ್ಲ, ಟ್ಯಾಂಕರ್ ತರಿಸ್ತೀವಿ. ಕರೆಂಟ್ ಹೋಯ್ತು, ಜನರೇಟರ್. ಸರ್ಕಾರಿ ಶಾಲೆ, ಆಸ್ಪತ್ರೆ ಕಡೆ ತಲೆ ಹಾಕಲ್ಲ. ನಾಯಕನ ಹತ್ತಿರ ಹೇಳಿಕೊಳ್ಳೋ ಕೆಲಸವೇ ಇಲ್ಲದವನಿಗೆ ನಾಯಕ ಕೈಕೊಡೋದು ಹೇಗೆ? ನಮ್ಮದು ಉಳಿದ ನಂಬಿಕೆ ಅಲ್ಲ, ಪರೀಕ್ಷೆಗೇ ಕೂರದ ನಂಬಿಕೆ. ನಮ್ಮ ಮನೆ ಕೆಲಸಕ್ಕೆ ಬರೋ ಅಕ್ಕ ಮಾತ್ರ ನಾರಾಯಣಪೇಟೆ ಕಡೆಯವರು. ಮತದಾನದ ದಿನ ರಾತ್ರಿ ಬಸ್ಸಿನಲ್ಲಿ ನಿಂತ್ಕೊಂಡೇ ಊರಿಗೆ ಹೋಗಿ ವೋಟು ಹಾಕಿ ಬಂದ್ರು. ನಾನು ಅವತ್ತು ರಜೆ ಅಂತ ಮಧ್ಯಾಹ್ನದ ತನಕ ಮಲಗಿದ್ದೆ, ನಾಲ್ಕು ಗಂಟೆಗೆ ಹೋಗಿ ಹಾಕಿದೆ. ಬೂತಿನಲ್ಲಿ ಕ್ಯೂ ಇರಲಿಲ್ಲ.

(ಸೆಟ್ಲರ್‌ಗಳ ವೋಟು, ಮುಸ್ಲಿಂ ವೋಟು ಇವೆಲ್ಲ ನಗರದ ಲೆಕ್ಕದಲ್ಲಿ ಇವೆ. ಅದು ಇನ್ನೊಂದು ವಿಡಿಯೋದಷ್ಟು ದೊಡ್ಡದು.)

ನಾನು ಇಲ್ಲಿ ಬಾಡಿಗೆ ಕಟ್ಟಿ, ಆಮೇಲೆ ಇಎಂಐ ಕಟ್ಟಿ ಬದುಕ್ತಿರೋದಕ್ಕೆ ಒಂದು ಮಟ್ಟಿಗೆ ಕಾರಣ ಇನ್ನೊಬ್ಬ ಸೋತ ನಾಯಕ. ಚಂದ್ರಬಾಬು ನಾಯ್ಡು. ಇಲ್ಲಿಂದ ಸ್ವಲ್ಪವೇ ದೂರದ ಸೈಬರ್ ಟವರ್ಸ್ 1998ರ ನವೆಂಬರ್‌ನಲ್ಲಿ ಉದ್ಘಾಟನೆ ಆಯ್ತು, ವಾಜಪೇಯಿ ಬಂದಿದ್ರು. 1999ರಲ್ಲಿ ತೆಲುಗುದೇಶಂಗೆ 294ರಲ್ಲಿ 180 ಸೀಟು. 2004ರಲ್ಲಿ 47. ಅದೂ 2003ರ ಅಕ್ಟೋಬರ್‌ನಲ್ಲಿ ಅಲಿಪಿರಿಯಲ್ಲಿ ಅವರ ಮೇಲೆ ಬಾಂಬ್ ದಾಳಿ ಆಗಿ, ಅನುಕಂಪ ಸಿಗುತ್ತೆ ಅನ್ನೋ ಲೆಕ್ಕದಲ್ಲಿ ಅವಧಿಗೆ ಮುಂಚೆ ಚುನಾವಣೆಗೆ ಹೋಗಿ.

ನನ್ನ ಬಾಗಿಲಿನ ಲೆಕ್ಕ ಇಲ್ಲಿ ಸ್ವಲ್ಪ ತಡವರಿಸುತ್ತೆ. ಯಾಕಂದ್ರೆ ನಾಯ್ಡು ಬಾಗಿಲು ಹಾಕಿದ್ದವರಲ್ಲ. ಜನ್ಮಭೂಮಿ ಅಂತ ಅಧಿಕಾರಿಗಳನ್ನ ಹಳ್ಳಿಗೆ ಕಳಿಸ್ತಿದ್ರು, 'ಡಯಲ್ ಯುವರ್ ಸಿಎಂ' ಅಂತ ಟಿವಿಯಲ್ಲಿ ಕೂತು ಜನರ ಫೋನ್ ತಗೋತಿದ್ರು. ಹಾಗಾದ್ರೆ ಎಲ್ಲಿ ತಪ್ಪಿತು? ಬೋರ್‌ವೆಲ್ ಕೆಟ್ಟಿದೆ ಅಂದ್ರೆ ಕೇಳಿಸಿಕೊಳ್ಳೋರು. 'ನಿಮ್ಮ ದಾರಿಯೇ ನಮಗೆ ಹೊಂದ್ತಿಲ್ಲ' ಅಂದ್ರೆ ಕೇಳಿಸ್ತಿರಲಿಲ್ಲ. ಕರೆಂಟ್ ದರ ಏರಿಕೆ ವಿರುದ್ಧ 2000ದ ಆಗಸ್ಟ್‌ನಲ್ಲಿ ಬಷೀರ್‌ಬಾಗ್‌ನಲ್ಲಿ ಜನ ಸೇರಿದಾಗ ಪೊಲೀಸರು ಗುಂಡು ಹಾರಿಸಿದ್ರು. ಮೇಲೆ ಬರಗಾಲ, ರೈತರ ಆತ್ಮಹತ್ಯೆ. ಅದೇ ಹೊತ್ತಿಗೆ, 2003ರ ಏಪ್ರಿಲ್ ಬಿಸಿಲಿನಲ್ಲಿ, ವೈ.ಎಸ್. ರಾಜಶೇಖರ ರೆಡ್ಡಿ ಚೇವೆಳ್ಳದಿಂದ ನಡೆಯೋಕೆ ಶುರು ಮಾಡಿದ್ರು. ಲಿಂಗಂಪಲ್ಲಿಯಿಂದ ಚೇವೆಳ್ಳ ಈಗ ಕಾರಿನಲ್ಲಿ ಒಂದು ಗಂಟೆ. ಅವರು ಇಚ್ಛಾಪುರಂವರೆಗೆ ಸುಮಾರು 1,500 ಕಿಲೋಮೀಟರ್ ನಡೆದ್ರು. ದಾರಿಯಲ್ಲಿ ಏನು ಭರವಸೆ ಕೊಟ್ರು ಅನ್ನೋದು ಆಮೇಲೆ. ಮೊದಲು ಜನ ಕಂಡಿದ್ದು, ಬೆವರು ಸುರಿಸ್ಕೊಂಡು ನಿಂತು ಕೇಳ್ತಿರೋ ಒಬ್ಬ ಮನುಷ್ಯನನ್ನ.

ಆಂಧ್ರದಲ್ಲಿ ಮುಂದೆ ಇದೇ ನಾಯ್ಡು 2019ರಲ್ಲಿ 23 ಸೀಟಿಗೆ ಇಳಿದು, 2024ರಲ್ಲಿ 175ರಲ್ಲಿ 135 ಗೆದ್ದು ಬಂದ್ರು. ಆಗ ಅಲ್ಲೂ ಜಮೀನಿನ ದಾಖಲೆ ದೊಡ್ಡ ಚರ್ಚೆ. ಪಾಸ್‌ಬುಕ್ ಮೇಲೆ, ಗಡಿಕಲ್ಲಿನ ಮೇಲೆ ಜಗನ್ ಫೋಟೋ, ಹೆಸರು. ಅಜ್ಜ ಕೊಟ್ಟ ಜಮೀನಿನ ಪುಸ್ತಕದ ಮೇಲೆ ಇವರ ಮುಖ ಯಾಕೆ ಅಂತ ಜನ ಕೇಳಿದ್ರು, ನ್ಯಾಯವಾಗೇ ಇದೆ.

2004ರಲ್ಲೇ ನಮ್ಮ ಕಡೆ ಎಸ್.ಎಂ. ಕೃಷ್ಣ ಕೂಡ ಸೋತ್ರು. 1999ರಲ್ಲಿ 132 ಇದ್ದ ಕಾಂಗ್ರೆಸ್ 65ಕ್ಕೆ ಬಂತು. ನಮ್ಮ ಭೂಮಿ ಯೋಜನೆ, ಅಂದ್ರೆ ಪಹಣಿಯನ್ನ ಕಂಪ್ಯೂಟರಿಗೆ ಹಾಕಿ 15 ರೂಪಾಯಿಗೆ ಕೊಟ್ಟಿದ್ದು, ಅವರ ಕಾಲದ್ದೇ. ಸುಮಾರು 2 ಕೋಟಿ ದಾಖಲೆ. ಧರಣಿಗೂ ಇದಕ್ಕೂ ಒಂದು ವ್ಯತ್ಯಾಸ ಹೇಳ್ಬೇಕು. ಭೂಮಿಯಲ್ಲಿ ಗ್ರಾಮಲೆಕ್ಕಿಗನನ್ನ ಪೂರ್ತಿ ಕಿತ್ತು ಹಾಕಲಿಲ್ಲ. ಖಾತೆ ಬದಲಾವಣೆಗೆ ನೋಟಿಸು, ತಕರಾರಿಗೆ 30 ದಿನ, ಇದೆಲ್ಲ ಉಳೀತು. ನಿಧಾನ, ಆದ್ರೆ ಬಾಯಿ ಬಿಡೋಕೆ ಜಾಗ ಇತ್ತು. ಅಷ್ಟಿದ್ರೂ ಕೃಷ್ಣ ಸೋತಿದ್ದು ಬೇರೆ ಕಾರಣಕ್ಕೆ, ಸತತ ಬರಗಾಲ ಮತ್ತು 'ಬೆಂಗಳೂರಿನ ಮುಖ್ಯಮಂತ್ರಿ' ಅನ್ನೋ ಹಣೆಪಟ್ಟಿ. ಇದರಲ್ಲೂ ಒಂದು ತಮಾಷೆ ಇದೆ: ಆ ಸಲ ಅತಿ ಹೆಚ್ಚು ವೋಟು ಬಂದಿದ್ದು ಕಾಂಗ್ರೆಸ್‌ಗೇ, ಸುಮಾರು ಶೇ. 35. ಶೇ. 28 ಬಂದ ಬಿಜೆಪಿಗೆ ಸೀಟು 79. ಸೀಟು ಬಿತ್ತು ಅಂದ ತಕ್ಷಣ ಎಲ್ಲರ ನಂಬಿಕೆಯೂ ಬಿತ್ತು ಅಂತ ಲೆಕ್ಕ ಹಾಕಬಾರದು. ತೆಲಂಗಾಣದಲ್ಲೂ 2023ರಲ್ಲಿ ಇಬ್ಬರ ಮಧ್ಯೆ ಇದ್ದದ್ದು ಶೇ. 2ರ ಆಸುಪಾಸು.

ಕೇಳಿಸಿಕೊಂಡ ನಾಯಕನ ಉದಾಹರಣೆ ಇಲ್ಲವಾ ಅಂದ್ರೆ, ಇದೆ. ನಮ್ಮಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೀನಿ. 1984ರ ಡಿಸೆಂಬರ್, ಇಂದಿರಾ ಗಾಂಧಿ ಹತ್ಯೆ ಆದ ಮೇಲಿನ ಲೋಕಸಭೆ ಚುನಾವಣೆ. ಕರ್ನಾಟಕದ 28ರಲ್ಲಿ ಕಾಂಗ್ರೆಸ್‌ಗೆ 24, ರಾಜ್ಯದಲ್ಲಿ ಅಧಿಕಾರದಲ್ಲಿದ್ದ ಜನತಾ ಪಕ್ಷಕ್ಕೆ 4. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಏನು ಮಾಡಬಹುದಿತ್ತು? 'ಇದು ಲೋಕಸಭೆ, ನಮಗೆ ಸಂಬಂಧ ಇಲ್ಲ' ಅಂತ ಕೂತಿರಬಹುದಿತ್ತು. ಯಾರೂ ತಪ್ಪು ಅಂತಿರಲಿಲ್ಲ. ಅವರು ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿದ್ರು. ನೀವು ಹೇಳಿದ್ದು ಕೇಳಿಸಿತು, ಈಗ ನನ್ನ ಬಗ್ಗೆ ಹೇಳಿ, ಅನ್ನೋ ಥರ. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ರು. ಮೂರು ತಿಂಗಳೂ ಆಗಿರಲಿಲ್ಲ!

ಅಪ್ಪ ಎರಡೂ ಸಲ ಗೆದ್ದವರಿಗೇ ಹಾಕಿದವರು. ಯಾಕೆ ಅಂತ ಕೇಳಿದೆ. "ಡಿಸೆಂಬರ್‌ದಾಗ ಸತ್ತಾಕಿಗಿ ಹಾಕಿದೆವು. ಮಾರ್ಚ್‌ದಾಗ ಬೋರಿಂಗಿಗಿ ಹಾಕಿದೆವು" ಅಂದ್ರು. ಬೋರಿಂಗ್ ಅಂದ್ರೆ ನಮ್ಮ ಓಣಿಯ ಕೈಪಂಪು. ಹೆಗಡೆ ಸಂಪುಟದ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್ ಕೊರೆಸಿ ನೀರ್ ಸಾಬ್ ಅಂತಲೇ ಹೆಸರಾದವರು. ಅದರ ಜೊತೆಗೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ತಂದು, 1987ರಲ್ಲಿ ಚುನಾವಣೆ ಮಾಡಿ, ಪಂಪು ಕೆಟ್ರೆ ಬೆಂಗಳೂರಿಗೆ ಹೋಗದೆ ಮಂಡಲದಲ್ಲೇ ಕೇಳೋ ಹಾಗೆ ಮಾಡಿದ್ರು. ನನ್ನ ದೃಷ್ಟಿಯಲ್ಲಿ ಪಂಪಿಗಿಂತ ಇದು ದೊಡ್ಡ ಕೆಲಸ.

ಆ ಹೆಗಡೆಯವರೇ 1988ರ ಆಗಸ್ಟ್‌ನಲ್ಲಿ ಟೆಲಿಫೋನ್ ಕದ್ದಾಲಿಕೆ ಆರೋಪದಲ್ಲಿ ರಾಜೀನಾಮೆ ಕೊಟ್ರು. ಜನರ ಮಾತು ಕೇಳಿಸಿಕೊಂಡು ಹೆಸರು ಮಾಡಿದವರು ಕದ್ದು ಕೇಳಿದ ಆರೋಪದಲ್ಲಿ ಹೋದ್ರು, ಇಂಥದ್ದನ್ನ ಕಥೆಯಲ್ಲಿ ಬರೆದ್ರೆ ಅತಿಯಾಯ್ತು ಅಂತಾರೆ. ಒಳಜಗಳವೂ ಸೇರಿ 1989ರಲ್ಲಿ ಜನತಾದಳಕ್ಕೆ ಬಂದದ್ದು 24, ಕಾಂಗ್ರೆಸ್‌ಗೆ 178.

ದೇವರಾಜ ಅರಸು ಬಗ್ಗೆ ಹೇಳದಿದ್ರೆ ನಾನು ಮೋಸ ಮಾಡಿದ ಹಾಗೆ, ಯಾಕಂದ್ರೆ ಅವರ ಮುಂದೆ ನನ್ನ ಲೆಕ್ಕ ನಿಲ್ಲಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರ ತಾನೇ ಏಳನೇ ನಂಬರ್ ಫಾರಂ ತುಂಬಿ, ತಾಲೂಕಿನ ಭೂನ್ಯಾಯಮಂಡಳಿ ಮುಂದೆ ನಿಂತು ಮಾತಾಡಬಹುದಿತ್ತು. ಶುರುವಿನಲ್ಲಿ ವಕೀಲರಿಗೂ ಅಲ್ಲಿ ಪ್ರವೇಶ ಇರಲಿಲ್ಲ. ಇದಕ್ಕಿಂತ ದೊಡ್ಡ ಬಾಗಿಲು ಕರ್ನಾಟಕದಲ್ಲಿ ಯಾರೂ ತೆಗೆದಿಲ್ಲ. 1978ರಲ್ಲಿ ಇಂದಿರಾ ಕಾಂಗ್ರೆಸ್ 149 ಸೀಟು ಗೆದ್ದಿತು. ಮರುವರ್ಷ ಅರಸು ಇಂದಿರಾ ಜೊತೆ ಮುರ್ಕೊಂಡ್ರು. 1980ರ ಜನವರಿ ಲೋಕಸಭೆಯಲ್ಲಿ 28ರಲ್ಲಿ 27 ಇಂದಿರಾ ಕಾಂಗ್ರೆಸ್‌ಗೆ, ಒಂದು ಜನತಾ ಪಕ್ಷಕ್ಕೆ, ಅರಸು ಪಕ್ಷಕ್ಕೆ ಸೊನ್ನೆ. ಜಮೀನು ಬಂದ ಮನೆಯವರೂ ಅದು ಇಂದಿರಮ್ಮ ಕೊಟ್ಟಿದ್ದು ಅಂದ್ಕೊಂಡಿದ್ರಾ? ಲೋಕಸಭೆ ಅಂತ ಹಾಗೆ ಹಾಕಿದ್ರಾ? ವಿಧಾನಸಭೆಗೆ ಹೋಗಿದ್ರೆ ಬೇರೆ ಆಗ್ತಿತ್ತಾ? ನನ್ನ ಹತ್ರ ಉತ್ತರ ಇಲ್ಲ. ಅರಸು 1982ರಲ್ಲಿ ತೀರಿಕೊಂಡ್ರು, ಇನ್ನೊಂದು ಸಲ ಕೇಳಿ ನೋಡೋ ಅವಕಾಶ ಅವರಿಗೆ ಸಿಗಲಿಲ್ಲ.

ಈಗಿನ ಮಾತಿಗೆ ಬರ್ತೀನಿ. 2023ರ ಡಿಸೆಂಬರ್ 7ಕ್ಕೆ ರೇವಂತ್ ರೆಡ್ಡಿ ಪ್ರಮಾಣವಚನ ತಗೊಂಡ ದಿನವೇ ಪ್ರಗತಿ ಭವನದ ಮುಂದಿನ ಕಬ್ಬಿಣದ ಬೇಲಿಯನ್ನ ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿ ತೆಗೆದ್ರು. ಹೆಸರು ಪ್ರಜಾಭವನ ಆಯ್ತು. ಮರುದಿನ ಪ್ರಜಾದರ್ಬಾರ್, ಆಮೇಲೆ ಅದೇ ಪ್ರಜಾವಾಣಿ ಆಯ್ತು, ಅರ್ಜಿ ಹಿಡಿದ ಜನರ ಉದ್ದ ಸಾಲು. ಅದರಲ್ಲಿ ಜಮೀನಿನ ಅರ್ಜಿಗಳೇ ಬೇಕಾದಷ್ಟು. ಧರಣಿ ಜಾಗಕ್ಕೆ 2025ರ ಏಪ್ರಿಲ್ 14ಕ್ಕೆ ಭೂಭಾರತಿ ಬಂತು. ಬೇಲಿ ಕತ್ತರಿಸೋಕೆ ಒಂದು ಮಧ್ಯಾಹ್ನ ಸಾಕು. ಒಂದು ಸರ್ವೆ ನಂಬರ್ ತಿದ್ದೋಕೆ ಹಳೇ ಕಾಗದ ಹುಡುಕಬೇಕು, ಅಳೀಬೇಕು, ಪಕ್ಕದವನನ್ನ ಕರೀಬೇಕು. ಅರ್ಜಿ ತಗೊಂಡ್ರು ಅನ್ನೋ ಸಮಾಧಾನ ಎಷ್ಟು ದಿನ ಬರುತ್ತೆ?

ನಮ್ಮ ಅಪಾರ್ಟ್‌ಮೆಂಟಿನ ಹೊಸ ಸೆಕ್ರೆಟರಿ ಹೇಳಿದ ಹಾಗೆ ದಿನಾ ಆರಕ್ಕೆ ಕೂರ್ತಾರೆ. ಹೊಸ ರಿಜಿಸ್ಟರ್ ತಂದಿದ್ದಾರೆ, ಕೆಂಪು ರಟ್ಟಿನದ್ದು. ಬರೆದವರ ಮುಂದೆಯೇ ಓದಿ, ಕೆಳಗೆ ಸಹಿ ಹಾಕ್ತಾರೆ. ನನ್ನ ಆ್ಯಪ್ ಈಗ ಮೆಂಟೆನೆನ್ಸ್ ದುಡ್ಡು ಕಟ್ಟೋಕೆ ಮಾತ್ರ. ಮೊನ್ನೆ ಲಿಫ್ಟ್‌ನಲ್ಲಿ ಆ ಆಂಟಿ ಸಿಕ್ಕಿದ್ರು. ಸೋರೋದು ನಿಂತಿತಾ ಆಂಟಿ ಅಂತ ಕೇಳಿದೆ. ಇಲ್ಲ ಬಾಬೂ, ಮೇಲಿನ ಮನೆಯವರು ಟೈಲ್ಸ್ ಒಡೆಯೋಕೆ ಒಪ್ತಿಲ್ಲ, ಎಂಟು ತಿಂಗಳಾಯ್ತು ಅಂದ್ರು. ಹಾಗಾದ್ರೆ ಸೆಕ್ರೆಟರಿ ಏನಂತಾರೆ? ಮೂರು ಸಲ ಬಂದು ಬಕೆಟ್ ನೋಡಿ ಹೋದ್ರಂತೆ.

ಲಿಫ್ಟ್ ಬಾಗಿಲು ತೆಗೀತು. ಇಳಿಯೋ ಮುಂಚೆ ಆಂಟಿ ಹೇಳಿದ್ರು, ಇನ್ನೊಂದು ಮಳೆಗಾಲ ನೋಡ್ತೀನಿ.